ದಪ್ಪ ಟೈರು ಹಾಕಿಸುವ ಮುಂಚೆ

(ಕತ್ರಿಗುಪ್ಪೆಯ ಸಂಜೆ ಕಲಿಕಾ ಕೇಂದ್ರದಲ್ಲಿ ಸ್ವಯಂಸೇವಕ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಇವತ್ತು ನಾನು ಮಾತಾಡುವ ವಿಷಯ ಮೋಟರ್ ಸೈಕಲ್ಲಿನ ಹಿಂದಿನ ಟೈರು. ಇದೇನು, ಮೇಷ್ಟ್ರು ಪಾಠ ಬಿಟ್ಟು ಗ್ಯಾರೇಜಿನ ಮಾತು ತೆಗೆದರು ಅಂತ ನಗಬೇಡಿ. ಇದೂ ಪಾಠವೇ. ನಾವು ಬಸ್ಸಿನ ಬೋರ್ಡು ಓದಲು ಕಲಿತೆವು. ರೇಷನ್ ಅಂಗಡಿಯ ಬಿಲ್ಲು ಓದಲು ಕಲಿತೆವು. ಟೈರಿನ ಮೇಲೂ ಅಂಕಿಗಳು ಇವೆ. ಅವನ್ನು ಓದಲು ಬಂದರೆ ದುಡ್ಡು ಉಳಿಯುತ್ತೆ. ಜೀವವೂ ಉಳಿಯುತ್ತೆ.

ನಮ್ಮ ಕತ್ರಿಗುಪ್ಪೆಯಲ್ಲಿ ಈಗ ಬೈಕಿಲ್ಲದ ಮನೆ ಕಡಿಮೆ. ಊಟದ ಪೊಟ್ಟಣ ತಲುಪಿಸುವವರಿಗೆ ಬೈಕು ಬೇಕು. ಪ್ಲಂಬರಿಗೆ, ಬಣ್ಣ ಹೊಡೆಯುವವರಿಗೆ, ಹಾಲು ಹಾಕುವವರಿಗೆ ಬೈಕು ಬೇಕು. ಅದು ಬರೀ ಗಾಡಿ ಅಲ್ಲ, ಅನ್ನ ಕೊಡುವ ಗಾಡಿ. ಆ ಗಾಡಿ ನೆಲ ಮುಟ್ಟುವುದು ಎರಡೇ ಕಡೆ. ಒಂದು ಮುಂದಿನ ಟೈರು, ಇನ್ನೊಂದು ಹಿಂದಿನ ಟೈರು. ಒಂದೊಂದು ಕಡೆ ನೆಲಕ್ಕೆ ಅಂಟುವ ಜಾಗ ನಿಮ್ಮ ಅಂಗೈಗಿಂತ ಹೆಚ್ಚಿಲ್ಲ. ಅಷ್ಟು ಜಾಗದ ಮೇಲೆ ಮನೆಯ ದುಡಿಯುವ ಜೀವ ಕೂತಿರುತ್ತೆ.

ಒಬ್ಬ ಅಕ್ಕ ಕೇಳಿದ ಪ್ರಶ್ನೆ

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಹೂವಿನ ವ್ಯಾಪಾರ ಮಾಡುತ್ತಾರೆ. ಅವರ ಮಗ ಬೆಳಗಿನ ಜಾವ ಎದ್ದು ಬೈಕಿನಲ್ಲಿ ಕೆ.ಆರ್. ಮಾರ್ಕೆಟ್ಟಿಗೆ ಹೋಗುತ್ತಾನೆ. ಹೂವಿನ ಮೂಟೆ ಕಟ್ಟಿಕೊಂಡು ಬರುತ್ತಾನೆ. ಅವನ ಗೆಳೆಯರು ಅವನಿಗೆ ಒಂದು ಮಾತು ಹೇಳಿದ್ದಾರೆ:

“ಹಿಂದೆ ದಪ್ಪ ಟೈರು ಹಾಕಿಸು. ಲೋಡು ತಡೆಯುತ್ತೆ. ಮಳೇಲಿ ಜಾರಲ್ಲ. ನೋಡೋಕೂ ಗತ್ತಾಗಿರುತ್ತೆ.”

ಮಗ ಅಮ್ಮನ ಹತ್ತಿರ ದುಡ್ಡು ಕೇಳಿದ. ಅಮ್ಮನ ಕೈಯಲ್ಲಿ ಇದ್ದದ್ದು ಚೀಟಿ ಎತ್ತಿದ ಹಣ. ಆ ಅಕ್ಕ ನನ್ನನ್ನು ಕೇಳಿದರು: “ಕೊಡಲೋ ಬೇಡವೋ, ಮೇಷ್ಟ್ರೇ? ಅವನಿಗೆ ಒಳ್ಳೇದಾಗೋದಾದ್ರೆ ಕೊಡ್ತೀನಿ. ಇಲ್ದಿದ್ರೆ ಯಾಕೆ ಕೊಡ್ಲಿ?”

ಒಳ್ಳೆಯ ಪ್ರಶ್ನೆ. ಇದಕ್ಕೆ ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗಲ್ಲ. ಮೊದಲು ಟೈರನ್ನು ಓದಬೇಕು. ಬನ್ನಿ, ಓದೋಣ.

ಟೈರಿನ ಮೇಲೆ ಏನು ಬರೆದಿದೆ?

ಟೈರಿನ ಪಕ್ಕೆ ನೋಡಿ. ಮಣ್ಣು ಮೆತ್ತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ. ಅಲ್ಲಿ ಉಬ್ಬಿದ ಅಂಕಿಗಳು ಕಾಣುತ್ತವೆ. ಆ ಅಕ್ಕನ ಮಗನದು ಹಳೆಯ ಪಲ್ಸರ್ 150 ಗಾಡಿ. ಅದರ ಹಿಂದಿನ ಟೈರಿನ ಮೇಲೆ ಹೀಗೆ ಇದೆ:

100/90-17 55ಪಿ

ಇದನ್ನು ಒಂದೊಂದಾಗಿ ಬಿಡಿಸೋಣ.

100 ಅಂದರೆ ಟೈರಿನ ಅಗಲ. ನೂರು ಮಿಲಿಮೀಟರ್. ಅಂದರೆ ಹತ್ತು ಸೆಂಟಿಮೀಟರ್. ಮಕ್ಕಳ ಅಳತೆಪಟ್ಟಿ ಇಟ್ಟು ನೋಡಿ, ಗೊತ್ತಾಗುತ್ತೆ.

90 ಅಂದರೆ ಟೈರಿನ ಗೋಡೆಯ ಎತ್ತರ. ಇದು ಮಿಲಿಮೀಟರ್ ಲೆಕ್ಕ ಅಲ್ಲ, ಶೇಕಡಾ ಲೆಕ್ಕ. ಅಗಲ 100 ಇದ್ದರೆ ಎತ್ತರ ಅದರ ನೂರಕ್ಕೆ 90. ಅಂದರೆ 90 ಮಿಲಿಮೀಟರ್.

17 ಅಂದರೆ ಒಳಗಿನ ರಿಮ್ಮಿನ ಅಳತೆ. ಇದು ಇಂಚಿನ ಲೆಕ್ಕ. 17 ಇಂಚಿನ ಟೈರು 17 ಇಂಚಿನ ರಿಮ್ಮಿಗೇ ಕೂರುತ್ತೆ. 18ರ ರಿಮ್ಮಿಗೆ ಕೂರಲ್ಲ.

55 ಅಂದರೆ ಟೈರು ಹೊರುವ ಭಾರದ ಗುರುತು. ಇದು ಕೆಜಿ ಅಲ್ಲ, ಗುರುತಿನ ಅಂಕಿ. 52 ಅಂತ ಇದ್ದರೆ 200 ಕೆಜಿ. 55 ಇದ್ದರೆ 218 ಕೆಜಿ. 57 ಇದ್ದರೆ 230 ಕೆಜಿ. ಅಂಕಿ ಹೆಚ್ಚಾದಂತೆ ಹೊರುವ ಭಾರ ಹೆಚ್ಚು.

ಪಿ ಅನ್ನುವ ಅಕ್ಷರ ವೇಗದ ಗುರುತು. ಪಿ ಅಂದರೆ ಗಂಟೆಗೆ 150 ಕಿಲೋಮೀಟರ್‌ವರೆಗೆ ಆ ಟೈರು ತಡೆಯುತ್ತೆ. ಹಾಗಂತ ರಿಂಗ್ ರೋಡಿನಲ್ಲಿ ಅಷ್ಟು ವೇಗವಾಗಿ ಹೋಗಿ ಅಂತ ಅರ್ಥ ಅಲ್ಲ!

ಕೆಲವು ಹಳೆಯ ಗಾಡಿಗಳಲ್ಲಿ ಲೆಕ್ಕ ಬೇರೆ. ಹಳೆಯ ಸ್ಪ್ಲೆಂಡರ್, ಯಮಹಾ ಆರ್‌ಎಕ್ಸ್ 100 ಗಾಡಿಗಳ ಹಿಂದಿನ ಟೈರಿನ ಮೇಲೆ 2.75-18 ಎಂದು ಇರುತ್ತೆ. ಇಲ್ಲಿ ಅಗಲವೂ ಇಂಚಿನ ಲೆಕ್ಕ. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಗುಣಿಸಿದರೆ 2.75 ಇಂಚು ಅಂದರೆ ಸುಮಾರು 70 ಮಿಲಿಮೀಟರ್.

ನಮ್ಮ ಮೈಸೂರಿನ ಜಾವಾ ಗಾಡಿ ನೆನಪಿದೆಯೇ? ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರು ಮಾಡಿತು. 1996ರಲ್ಲಿ ಮುಚ್ಚಿಹೋಯಿತು. ಆ ಹಳೆಯ 250 ಸಿ.ಸಿ. ಜಾವಾ ಗಾಡಿಯ ಟೈರು 3.25-16. ಅಂದರೆ ಸುಮಾರು 83 ಮಿಲಿಮೀಟರ್ ಅಗಲ. ಅಷ್ಟೇ ಅಗಲದ ಟೈರಿನ ಮೇಲೆ ಗಂಡ, ಹೆಂಡತಿ, ಮಗು, ಮೇಲೊಂದು ಅಕ್ಕಿ ಚೀಲ ಹಳ್ಳಿ ಹಳ್ಳಿ ಸುತ್ತಿ ಬಂದದ್ದನ್ನು ಹಿರಿಯರು ನೋಡಿದ್ದಾರೆ. ಅದು ಸರಿ ಅಂತ ನಾನು ಹೇಳುತ್ತಿಲ್ಲ. ದಪ್ಪ ಟೈರು ಇಲ್ಲದಿದ್ದರೆ ಭಾರ ತಡೆಯಲ್ಲ ಅನ್ನುವ ಮಾತು ನಿಜವಲ್ಲ ಅಂತ ಹೇಳುತ್ತಿದ್ದೇನೆ.

ಮೊದಲನೇ ಮಾತು: “ಲೋಡು ತಡೆಯುತ್ತೆ”

ಈಗ ಗೆಳೆಯರ ಮೂರು ಮಾತುಗಳನ್ನು ಒಂದೊಂದಾಗಿ ತೂಗಿ ನೋಡೋಣ.

ಮೊದಲು ಭಾರದ ಲೆಕ್ಕ. ಪಾಟಿ ತೆಗೆದುಕೊಳ್ಳಿ. ಬರೆಯಿರಿ.

ಗಾಡಿಯ ತೂಕ ಸುಮಾರು 145 ಕೆಜಿ.
ಹುಡುಗನ ತೂಕ 60 ಕೆಜಿ.
ಹೂವಿನ ಮೂಟೆ 40 ಕೆಜಿ.
ಒಟ್ಟು 245 ಕೆಜಿ.

ಈ ಭಾರ ಎರಡು ಚಕ್ರಗಳಿಗೂ ಹಂಚಿ ಹೋಗುತ್ತೆ. ಮೂಟೆ ಹಿಂದೆ ಇರುವುದರಿಂದ ಹಿಂದಿನ ಚಕ್ರಕ್ಕೆ ಹೆಚ್ಚು. ಮೂರು ಪಾಲಿನಲ್ಲಿ ಎರಡು ಪಾಲು ಹಿಂದಕ್ಕೆ ಅಂತಲೇ ಇಟ್ಟುಕೊಳ್ಳಿ. ಆಗ ಸುಮಾರು 163 ಕೆಜಿ ಆಯಿತು. ಟೈರು ಹೊರುವುದು 218 ಕೆಜಿ. ಇನ್ನೂ 55 ಕೆಜಿ ಮಿಕ್ಕಿದೆ.

ಅಂದರೆ ಈಗ ಇರುವ ಟೈರೇ ಸಾಕು. ಆದರೆ ಒಂದು ಮಾತು. ಗಾಳಿ ಸರಿಯಾಗಿ ಇದ್ದರೆ ಮಾತ್ರ ಟೈರು ಅಷ್ಟು ಭಾರ ಹೊರುತ್ತೆ. ನಿಜವಾಗಿ ಭಾರ ಹೊರುವುದು ರಬ್ಬರ್ ಅಲ್ಲ, ಒಳಗಿನ ಗಾಳಿ. 1888ರಲ್ಲಿ ಡನ್‌ಲಪ್ ಎಂಬ ಪಶುವೈದ್ಯರು ಐರ್ಲೆಂಡಿನ ಬೆಲ್‌ಫಾಸ್ಟ್ ಊರಿನಲ್ಲಿ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಮಾಡಿಕೊಟ್ಟರು. ಅದಕ್ಕೂ ಮುಂಚೆಯೇ ಥಾಮ್ಸನ್ ಎಂಬುವರು ಇಂಥದ್ದೊಂದನ್ನು ಮಾಡಿದ್ದರು. ಅಂದಿನಿಂದ ಇಂದಿನವರೆಗೂ ನಮ್ಮನ್ನು ಹೊತ್ತು ನಡೆಸುತ್ತಿರುವುದು ಆ ಗಾಳಿಯೇ.

ಎಷ್ಟು ಗಾಳಿ ಬೇಕು? ಅದನ್ನು ಗಾಡಿಯ ಮೇಲೇ ಒಂದು ಚೀಟಿಯಲ್ಲಿ ಅಂಟಿಸಿರುತ್ತಾರೆ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲೂ ಇರುತ್ತೆ. ಒಬ್ಬರೇ ಹೋಗುವಾಗ ಒಂದು ಲೆಕ್ಕ, ಹಿಂದೆ ಭಾರ ಇದ್ದಾಗ ಇನ್ನೊಂದು ಲೆಕ್ಕ. ವಾರಕ್ಕೊಮ್ಮೆ ಬಂಕಿನಲ್ಲಿ ನೋಡಿಸಿದರೆ ಸಾಕು.

ಈಗ ದಪ್ಪ ಟೈರಿನ ಕಡೆ ಬರೋಣ. ಅದರ ಭಾರದ ಅಂಕಿ ಹೆಚ್ಚೇ ಇರುತ್ತೆ. ಅದು ನಿಜ. ಆದರೆ ಟೈರು ತಡೆದರೆ ಸಾಕೇ? ಶಾಕ್ ಅಬ್ಸಾರ್ಬರ್ ತಡೆಯಬೇಕು. ರಿಮ್ಮು ತಡೆಯಬೇಕು. ಬ್ರೇಕು ಹಿಡಿಯಬೇಕು. ಎತ್ತು ಬಡಕಲಾಗಿದ್ದರೆ ಗಾಡಿಗೆ ದೊಡ್ಡ ಚಕ್ರ ಹಾಕಿ ಏನು ಲಾಭ?

ಎರಡನೇ ಮಾತು: “ಜಾರಲ್ಲ”

ಇದು ಎಲ್ಲರೂ ನಂಬುವ ಮಾತು. ಟೈರು ಅಗಲ ಆದರೆ ನೆಲ ಹೆಚ್ಚು ಹಿಡಿಯುತ್ತೆ ಅಂತ. ಅರ್ಧ ನಿಜ, ಅರ್ಧ ಅಲ್ಲ.

ಹಿಟ್ಟಿನ ಒಂದು ಉಂಡೆ ತೆಗೆದುಕೊಳ್ಳಿ. ಅದನ್ನು ಉದ್ದಕ್ಕೆ ತಟ್ಟಬಹುದು. ಅಗಲಕ್ಕೂ ತಟ್ಟಬಹುದು. ಹಿಟ್ಟು ಅಷ್ಟೇ, ಆಕಾರ ಬೇರೆ. ಟೈರು ನೆಲ ಮುಟ್ಟುವ ಜಾಗವೂ ಹಾಗೇ. ಭಾರ ಅಷ್ಟೇ ಇದ್ದು, ಗಾಳಿಯ ಒತ್ತಡ ಅಷ್ಟೇ ಇದ್ದರೆ, ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಸಣ್ಣ ಟೈರಿನಲ್ಲಿ ಅದು ಉದ್ದಕ್ಕಿರುತ್ತೆ. ದಪ್ಪ ಟೈರಿನಲ್ಲಿ ಅಡ್ಡಕ್ಕಿರುತ್ತೆ.

ಹಾಗಾದರೆ ಜಾರದಂತೆ ಹಿಡಿಯುವುದು ಯಾವುದು? ರಬ್ಬರಿನ ಗುಣ. ಟೈರಿನ ಮೇಲಿನ ಗೀರುಗಳ ಆಳ. ಸರಿಯಾದ ಗಾಳಿ. ಇವು ಮೂರು ಮುಖ್ಯ.

ಮಳೆ ಬಂದಾಗ ನೀರು ಹೋಗಲು ದಾರಿ ಬೇಕು. ಆ ದಾರಿಯೇ ಟೈರಿನ ಗೀರು. ಗೀರು ಸವೆದ ಟೈರು ನೀರಿನ ಮೇಲೆ ತೇಲುತ್ತೆ. ಟೈರು ಅಗಲ ಆದಷ್ಟೂ ಪಕ್ಕಕ್ಕೆ ತಳ್ಳಬೇಕಾದ ನೀರೂ ಹೆಚ್ಚು. ಮಳೆಗಾಲದಲ್ಲಿ ರಿಂಗ್ ರೋಡಿನ ತಗ್ಗುಗಳಲ್ಲಿ ನೀರು ನಿಂತಿರುತ್ತೆ. ಅಲ್ಲಿ ಸವೆದ ದಪ್ಪ ಟೈರಿಗಿಂತ ಗೀರು ಚೆನ್ನಾಗಿರುವ ಕಂಪನಿ ಅಳತೆಯ ಟೈರೇ ಮೇಲು.

ಇನ್ನೊಂದು ಮಾತು. ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತೆ. ಬಸ್ಸಿನಲ್ಲಿ ಬ್ರೇಕು ಹಾಕಿದರೆ ನಾವು ಮುಂದಕ್ಕೆ ಮುಗ್ಗರಿಸುವುದಿಲ್ಲವೇ? ಹಾಗೆ. ಆದ್ದರಿಂದ ಗಾಡಿಯನ್ನು ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಚಕ್ರದ್ದು. ಹಿಂದಿನ ಟೈರನ್ನು ಎಷ್ಟು ದಪ್ಪ ಮಾಡಿದರೂ ಮುಂದಿನದು ಸವೆದಿದ್ದರೆ ಗಾಡಿ ಬೇಗ ನಿಲ್ಲಲ್ಲ.

ಮೂರನೇ ಮಾತು: “ನೋಡೋಕೆ ಗತ್ತು”

ಇದಕ್ಕೆ ನಾನು ಎದುರು ಹೇಳಲ್ಲ. ದಪ್ಪ ಟೈರು ಚೆನ್ನಾಗಿ ಕಾಣುತ್ತೆ. ವಯಸ್ಸಿನ ಹುಡುಗರಿಗೆ ಆಸೆ ಇರುತ್ತೆ. ತಪ್ಪೇನಿಲ್ಲ. ಆದರೆ ಅವರು ಮೊಬೈಲಿನಲ್ಲಿ ನೋಡುವ 1000 ಸಿ.ಸಿ. ರೇಸ್ ಗಾಡಿಗಳನ್ನು ಸ್ವಲ್ಪ ಗಮನಿಸಿ. ಅವುಗಳ ಹಿಂದಿನ ಟೈರು 190 ಮಿಲಿಮೀಟರ್ ಅಗಲ ಇರುತ್ತೆ. ಯಾಕೆ? ಅವುಗಳ ಇಂಜಿನ್ನಿಗೆ ಸುಮಾರು 200 ಕುದುರೆ ಶಕ್ತಿ. ಆ ಶಕ್ತಿಯನ್ನು ನೆಲಕ್ಕೆ ದಾಟಿಸಲು ಅಷ್ಟು ಅಗಲ ಬೇಕು. ಪಲ್ಸರ್ 150 ಗಾಡಿಯದು ಸುಮಾರು 14 ಕುದುರೆ ಶಕ್ತಿ. ಸ್ಪ್ಲೆಂಡರಿನದು ಸುಮಾರು 8. ಈ ಇಂಜಿನ್ನುಗಳಿಗೆ ದಪ್ಪ ಟೈರು ಹೊರೆ. ಟೈರಿನ ತೂಕ ಹೆಚ್ಚು. ಅದನ್ನು ತಿರುಗಿಸಲು ಇಂಜಿನ್ ಹೆಚ್ಚು ದುಡಿಯಬೇಕು. ಪಿಕಪ್ ಇಳಿಯುತ್ತೆ. ಮೈಲೇಜು ಇಳಿಯುತ್ತೆ. ದಿನಾ ಓಡುವ ಗಾಡಿಯಾದರೆ ತಿಂಗಳ ಪೆಟ್ರೋಲಿನ ಲೆಕ್ಕದಲ್ಲಿ ಅದು ಕಾಣುತ್ತೆ.

ತಿರುವಿನಲ್ಲೂ ವ್ಯತ್ಯಾಸ ಇದೆ. ದಪ್ಪ ಟೈರಿನ ಗಾಡಿಯನ್ನು ಅದೇ ತಿರುವಿನಲ್ಲಿ ಸ್ವಲ್ಪ ಹೆಚ್ಚು ವಾಲಿಸಬೇಕು. ಗಾಡಿ ನಿಧಾನವಾಗಿ ತಿರುಗುತ್ತೆ. ನಮ್ಮ ಗಲ್ಲಿಗಳಲ್ಲಿ ಒಂದು ಕಡೆ ಆಟೋ, ಒಂದು ಕಡೆ ಹಸು, ನಡುವೆ ಹಂಪು. ತಟ್ಟನೆ ತಿರುಗಬೇಕಾದಾಗ ತಿರುಗುವ ಗಾಡಿಯೇ ಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ರಿಮ್ಮು.

ಟೈರಿಗೆ ರಿಮ್ಮೇ ಹಾಸಿಗೆ. ಒಂದೊಂದು ರಿಮ್ಮಿಗೂ ಒಂದು ಅಗಲ ಇದೆ. ರಿಮ್ಮಿನ ಮೇಲೂ ಅದನ್ನು ಬರೆದಿರುತ್ತಾರೆ. 1.60 × 18 ಎಂದು ಇದ್ದರೆ ರಿಮ್ಮಿನ ಅಗಲ 1.60 ಇಂಚು, ವ್ಯಾಸ 18 ಇಂಚು. ಕೆಲವದರಲ್ಲಿ 1.85 ಇರುತ್ತೆ, ಕೆಲವದರಲ್ಲಿ 2.15 ಇರುತ್ತೆ. ಪ್ರತಿ ಅಳತೆಯ ಟೈರಿಗೂ ಇಷ್ಟರಿಂದ ಇಷ್ಟು ಅಗಲದ ರಿಮ್ಮು ಅಂತ ಟೈರಿನ ಕಂಪನಿಯವರು ಪಟ್ಟಿ ಮಾಡಿರುತ್ತಾರೆ.

ಸಣ್ಣ ರಿಮ್ಮಿಗೆ ದಪ್ಪ ಟೈರು ಹಾಕಿದರೆ ಏನಾಗುತ್ತೆ? ಅಕ್ಕಿ ಚೀಲದ ಬಾಯಿಯನ್ನು ಹಗ್ಗದಿಂದ ಬಿಗಿದಂತೆ ಆಗುತ್ತೆ. ಬಾಯಿ ಸಣ್ಣದಾಗಿ ಹೊಟ್ಟೆ ದುಂಡಾಗುತ್ತೆ. ಟೈರಿನ ಎರಡು ಅಂಚುಗಳು ಒಳಕ್ಕೆ ಸೇರಿ ನಡು ಉಬ್ಬುತ್ತೆ. ಆಗ ನೆಲ ಮುಟ್ಟುವುದು ಉಬ್ಬಿದ ನಡು ಮಾತ್ರ. ದುಡ್ಡು ಕೊಟ್ಟದ್ದು ಅಗಲಕ್ಕೆ, ನೆಲದ ಮೇಲೆ ಆ ಅಗಲವೇ ಇಲ್ಲ. ನಡು ಬೇಗ ಸವೆಯುತ್ತೆ. ತಿರುವಿನಲ್ಲಿ ಗಾಡಿ ತೂಗಾಡುತ್ತೆ. ಟೈರಿನ ಅಂಚು ರಿಮ್ಮಿನಲ್ಲಿ ಸರಿಯಾಗಿ ಕೂರುವುದಿಲ್ಲ.

ಅದಕ್ಕೇ ನಮ್ಮ ಹಿರಿಯರು ಹೇಳಿದ್ದು, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ. ಟೈರಿಗೂ ಆ ಗಾದೆ ಸರಿಹೊಂದುತ್ತೆ.

ಇಲ್ಲಿ ಒಂದು ಉದಾಹರಣೆ ಕೊಡುತ್ತೇನೆ. ಬಜಾಜ್ ಕಂಪನಿಯವರೇ 2018ರಲ್ಲಿ ಎರಡು ಡಿಸ್ಕ್ ಬ್ರೇಕಿನ ಪಲ್ಸರ್ 150 ತಂದರು. ಅದರ ಹಿಂದೆ 120/80-17 ಟೈರು ಇದೆ. “ನೋಡಿ ಮೇಷ್ಟ್ರೇ, ಕಂಪನಿಯವರೇ ದಪ್ಪ ಟೈರು ಹಾಕಿದ್ದಾರಲ್ಲ” ಅಂತ ಹುಡುಗರು ಕೇಳುತ್ತಾರೆ. ಹೌದು, ಹಾಕಿದ್ದಾರೆ. ಆದರೆ ಟೈರು ಮಾತ್ರ ಬದಲಾಯಿಸಲಿಲ್ಲ. ಮುಂದಿನ ಫೋರ್ಕು ದಪ್ಪ ಮಾಡಿದರು. ಎರಡು ಚಕ್ರಗಳ ನಡುವಿನ ದೂರ ಹೆಚ್ಚಿಸಿದರು. ಮುಂದಿನ ಟೈರೂ ಅಗಲವಾಯಿತು. ಇಡೀ ಗಾಡಿಯನ್ನು ಆ ಟೈರಿಗೆ ಹೊಂದಿಸಿದರು. ನಾವು ಗ್ಯಾರೇಜಿನಲ್ಲಿ ಟೈರೊಂದನ್ನೇ ಬದಲಾಯಿಸುತ್ತೇವೆ. ಅಲ್ಲಿದೆ ವ್ಯತ್ಯಾಸ.

ಪಕ್ಕದಲ್ಲಿ ಎಷ್ಟು ಜಾಗ ಇದೆ?

ಮತ್ತೆ ಪಾಟಿ ತೆಗೆದುಕೊಳ್ಳಿ. 100/90-17 ತೆಗೆದು 120/80-17 ಹಾಕಿದರೆ ಎಷ್ಟು ಬದಲಾಗುತ್ತೆ ಅಂತ ಲೆಕ್ಕ ಹಾಕೋಣ.

ಅಗಲ: 120ರಲ್ಲಿ 100 ಕಳೆದರೆ 20 ಮಿಲಿಮೀಟರ್. ಎಡಕ್ಕೆ 10, ಬಲಕ್ಕೆ 10.

ಗೋಡೆಯ ಎತ್ತರ: ಹಳೆಯದು 90 ಮಿಲಿಮೀಟರ್. ಹೊಸದು 120ರಲ್ಲಿ ನೂರಕ್ಕೆ 80, ಅಂದರೆ 96 ಮಿಲಿಮೀಟರ್. ಟೈರಿನ ನೆತ್ತಿ ಮಡ್‌ಗಾರ್ಡಿನ ಕಡೆಗೆ 6 ಮಿಲಿಮೀಟರ್ ಹತ್ತಿರ ಬಂತು.

10 ಮಿಲಿಮೀಟರ್ ಅಂದರೆ ಒಂದು ಸೆಂಟಿಮೀಟರ್. ಅಷ್ಟೇ ತಾನೇ ಅನ್ನಿಸಬಹುದು. ಆದರೆ ಟೈರಿನ ಒಂದು ಪಕ್ಕದಲ್ಲಿ ಚೈನು ಓಡುತ್ತೆ. ಇನ್ನೊಂದು ಪಕ್ಕದಲ್ಲಿ ಬ್ರೇಕಿನ ರಾಡು ಇರುತ್ತೆ. ಎರಡೂ ಕಡೆ ಚಕ್ರವನ್ನು ಹಿಡಿದ ಕಬ್ಬಿಣದ ತೋಳುಗಳು ಇವೆ. ಇವನ್ನು ಸ್ವಿಂಗ್ ಆರ್ಮ್ ಅನ್ನುತ್ತಾರೆ. ಇವುಗಳ ನಡುವೆ ಇರುವ ಸಂದಿ ಬೆರಳಿನಷ್ಟು. ಆ ಸಂದಿ ಮುಚ್ಚಿದರೆ ಚೈನು ಟೈರನ್ನು ಉಜ್ಜುತ್ತೆ. ಓಡುವಾಗ ರಬ್ಬರ್ ಕುಯ್ಯುತ್ತಾ ಹೋಗುತ್ತೆ. ಒಂದು ದಿನ ಟೈರು ಸಿಡಿಯುತ್ತೆ. ಅದು ಮನೆ ಮುಂದೆ ಸಿಡಿಯಲ್ಲ. ಹಿಂದೆ ಲಾರಿ ಬರುತ್ತಿರುವಾಗ ಸಿಡಿದರೆ?

ಗಾಡಿ ಖಾಲಿ ಇದ್ದಾಗ ಉಜ್ಜದೇ ಇರಬಹುದು. ಇಬ್ಬರು ಕೂತು ಹಂಪಿನ ಮೇಲೆ ಹಾರಿದಾಗ ಚಕ್ರ ಮೇಲಕ್ಕೆ ಏಳುತ್ತೆ. ಆಗ ಮಡ್‌ಗಾರ್ಡಿನ ಒಳಭಾಗಕ್ಕೆ ತಾಗುತ್ತೆ. ಅಂಗಡಿಯಲ್ಲಿ ನಿಂತ ಗಾಡಿ ನೋಡಿ “ಎಲ್ಲಾ ಸರಿಯಿದೆ” ಅಂದರೆ ಸಾಲದು.

ಇನ್ನೊಂದು ಸಂಗತಿ. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗಿಂತ ದೊಡ್ಡ ಹೊಸ ಗಾಡಿಗಳಲ್ಲಿ ಎಬಿಎಸ್ ಬ್ರೇಕು ಕಡ್ಡಾಯವಾಯಿತು. ಚಕ್ರ ಕಟ್ಟಿಕೊಂಡು ಜಾರದಂತೆ ಇದು ನೋಡಿಕೊಳ್ಳುತ್ತೆ. ಕೆಲವು ಗಾಡಿಗಳಲ್ಲಿ ಇದು ಎರಡೂ ಚಕ್ರಗಳು ತಿರುಗುವ ಲೆಕ್ಕ ಇಡುತ್ತೆ. ಹಿಂದಿನ ಟೈರಿನ ಎತ್ತರ ಬಹಳ ಬದಲಾದರೆ ಆ ಲೆಕ್ಕ ತಪ್ಪಬಹುದು.

ಆ ಅಕ್ಕನಿಗೆ ಹೇಳಿದ್ದು

ಇಷ್ಟನ್ನೂ ನೋಡಿದ ಮೇಲೆ ನಾನು ಆ ಅಕ್ಕನಿಗೆ ಹೀಗೆ ಹೇಳಿದೆ: “ಅಕ್ಕ, ದುಡ್ಡು ಕೊಡಿ. ಆದರೆ ದಪ್ಪ ಟೈರಿಗೆ ಬೇಡ. ನಿಮ್ಮ ಮಗನ ಗಾಡಿಯ ಎರಡೂ ಟೈರು ಸವೆದಿವೆ. ಅದೇ ಅಳತೆಯ ಎರಡು ಹೊಸ ಟೈರಿಗೆ ಕೊಡಿ. ಮಿಕ್ಕರೆ ಬ್ರೇಕು ನೋಡಿಸಲಿ.”

ಮಗ ಮೊದಲು ಮುಖ ಊದಿಸಿದ. ಆಮೇಲೆ ಅಮ್ಮನೇ ಟೈರಿನ ಪಕ್ಕ ಕೂತು ಒಂದೊಂದೇ ಅಂಕಿ ಓದಿ ಹೇಳಿದರು. “ನಿಂಗೆ ಇದೆಲ್ಲಾ ಯಾವಾಗ ಗೊತ್ತಾಯ್ತಮ್ಮಾ?” ಅಂತ ಅವನು ಬೆರಗಾದ.

ಸವೆದದ್ದು ಗೊತ್ತಾಗುವುದು ಹೇಗೆ? ಟೈರಿನ ಗೀರುಗಳ ಒಳಗೆ ಅಲ್ಲಲ್ಲಿ ಸಣ್ಣ ದಿಣ್ಣೆ ಇರುತ್ತೆ. ಪಕ್ಕೆಯಲ್ಲಿ ಟಿಡಬ್ಲ್ಯುಐ ಅನ್ನುವ ಗುರುತೋ, ಬಾಣದ ಗುರುತೋ ಇರುವ ಕಡೆ ನೋಡಿ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಅದರ ಆಯುಸ್ಸು ಮುಗಿಯಿತು. ಎರಡು ಚಕ್ರದ ಗಾಡಿಗೆ ಗೀರು ಕನಿಷ್ಠ 0.8 ಮಿಲಿಮೀಟರ್ ಆಳ ಇರಬೇಕು ಎಂದು ಮೋಟಾರು ವಾಹನ ನಿಯಮ ಹೇಳುತ್ತೆ.

ಕಾನೂನು ಏನು ಹೇಳುತ್ತೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಕಂಪನಿ ಕೊಟ್ಟ ವಿವರಕ್ಕೆ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಾಡು ಮಾಡಬಾರದು ಎಂದು ಅದು ಹೇಳುತ್ತೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯೂ ಬಂತು. ಹೀಗೆ ಮಾರ್ಪಾಡು ಮಾಡಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ಟೈರಿನ ಅಳತೆಯೂ ಕಂಪನಿ ಕೊಟ್ಟ ವಿವರದಲ್ಲಿ ಸೇರಿದೆ. ದಪ್ಪ ಟೈರು ಕೂರಲಿ ಅಂತ ಸ್ವಿಂಗ್ ಆರ್ಮ್ ಕತ್ತರಿಸಿ ವೆಲ್ಡಿಂಗ್ ಮಾಡಿಸುವವರೂ ಇದ್ದಾರೆ. ಅದು ಗಾಡಿಯ ಬೆನ್ನುಮೂಳೆ ಮುರಿದು ಕಟ್ಟಿದಂತೆ. ಅದನ್ನು ಖಂಡಿತ ಮಾಡಿಸಬೇಡಿ. ಅಪಘಾತ ಆದಾಗ ವಿಮೆ ಕಂಪನಿಯವರು ಪ್ರಶ್ನೆ ಎತ್ತಬಹುದು. ಆಗ ಗ್ಯಾರೇಜಿನವರು ನಮ್ಮ ಜೊತೆ ಬರಲ್ಲ. ಅನುಮಾನ ಇದ್ದರೆ ಆರ್‌ಟಿಒ ಕಚೇರಿಯಲ್ಲಿ ಕೇಳಿ. ನಂಬರ್ ಪ್ಲೇಟಿನಲ್ಲಿ ಕೆಎ 05 ಇದ್ದರೆ ಅದು ಜಯನಗರದ ಆರ್‌ಟಿಒ.

ಟೈರು ಕೊಳ್ಳುವಾಗ

ಗಾಡಿಯ ಪುಸ್ತಕದಲ್ಲಿ ಎರಡು ಅಳತೆ ಒಪ್ಪಿದ್ದರೆ, ಅಥವಾ ಕಂಪನಿಯ ಸರ್ವೀಸ್ ಸೆಂಟರಿನವರೇ ಈ ಗಾಡಿಗೆ ಒಂದು ಅಳತೆ ಹೆಚ್ಚು ಹಾಕಬಹುದು ಅಂತ ಹೇಳಿದರೆ, ಆಗ ಸ್ವಲ್ಪ ಅಗಲದ ಟೈರು ಹಾಕಿಸಬಹುದು. ಜೆ.ಸಿ. ರೋಡಿಗೆ ಹೋಗಿ, ನಮ್ಮ ಬೀದಿಯ ಅಂಗಡಿಗೇ ಹೋಗಿ, ಈ ಮಾತುಗಳು ನೆನಪಿರಲಿ.

1. ಮನೆಯಿಂದ ಹೊರಡುವ ಮುಂಚೆ ಹಳೆಯ ಟೈರಿನ ಅಂಕಿಯನ್ನೂ ರಿಮ್ಮಿನ ಅಂಕಿಯನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಬಾಯಲ್ಲಿ ಹೇಳಬೇಡಿ, ಚೀಟಿ ತೋರಿಸಿ.

2. ಹೊಸ ಟೈರಿನ ಭಾರದ ಅಂಕಿ ಹಳೆಯದಕ್ಕಿಂತ ಕಡಿಮೆ ಇರಬಾರದು. ವೇಗದ ಅಕ್ಷರವೂ ಅಷ್ಟೇ.

3. ಐಎಸ್‌ಐ ಗುರುತು ಇದೆಯೇ ನೋಡಿ.

4. ಟೈರು ಹುಟ್ಟಿದ ದಿನ ನೋಡಿ. ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತೆ. 2324 ಎಂದು ಇದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹೊಸದರಂತೆ ಹೊಳೆಯುವ ಹಳೆಯ ಟೈರೂ ಇರುತ್ತೆ. ರಬ್ಬರ್ ಕೂತಲ್ಲೇ ಮುದಿಯಾಗುತ್ತೆ.

5. ಕಡ್ಡಿ ಇರುವ ಚಕ್ರಕ್ಕೆ ಟ್ಯೂಬು ಬೇಕು. ಕಡ್ಡಿಯ ತೂತುಗಳಿಂದ ಗಾಳಿ ಹೋಗುತ್ತೆ. ಹೊಸ ಟೈರಿಗೆ ಅದೇ ಅಳತೆಯ ಹೊಸ ಟ್ಯೂಬು ಹಾಕಿಸಿ.

6. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಅದು ಮುಂದಕ್ಕೆ ತಿರುಗುವಂತೆ ಕೂರಿಸಿದ್ದಾರೆಯೇ ನೋಡಿ.

7. ಕೂರಿಸಿದ ಮೇಲೆ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಆಮೇಲೆ ಗಾಡಿಯ ಮೇಲೆ ಇಬ್ಬರನ್ನು ಕೂರಿಸಿ ಸಂದಿ ನೋಡಿ. ಚೈನು, ರಾಡು, ಮಡ್‌ಗಾರ್ಡು, ಎಲ್ಲೂ ತಾಗಬಾರದು. ಚೈನು ಬಿಗಿ ಮಾಡಿದಾಗ ಚಕ್ರ ಹಿಂದಕ್ಕೆ ಸರಿಯುತ್ತೆ. ಆಗಲೂ ಒಮ್ಮೆ ನೋಡಿ.

8. ಹೊಸ ಟೈರಿನ ಮೈ ನುಣುಪಾಗಿರುತ್ತೆ. ಮೊದಲ 100-150 ಕಿಲೋಮೀಟರ್ ನಿಧಾನವಾಗಿ ಓಡಿಸಿ. ತಿರುವಿನಲ್ಲಿ ಹೆಚ್ಚು ವಾಲಿಸಬೇಡಿ.

ಕೊನೆಯ ಮಾತು

ಅಕ್ಕಂದಿರೇ, ಅಣ್ಣಂದಿರೇ, ಗಾಡಿ ಗಂಡಸರ ವಿಷಯ, ನಮಗೇಕೆ ಅಂತ ತಾಯಂದಿರು ಸುಮ್ಮನಿರಬೇಡಿ. ಆ ಗಾಡಿಯ ಹಿಂದಿನ ಸೀಟಿನಲ್ಲಿ ಕೂರುವವರು ನೀವು. ಅದಕ್ಕೆ ದುಡ್ಡು ಕೂಡಿಸುವವರೂ ನೀವು. ಮಗ ಮನೆಗೆ ಬರುವುದು ತಡವಾದರೆ ಬಾಗಿಲಲ್ಲಿ ನಿಲ್ಲುವವರೂ ನೀವೇ.

ಗ್ಯಾರೇಜಿನವರನ್ನು ಅನುಮಾನದಿಂದ ನೋಡಿ ಅಂತಲೂ ನಾನು ಹೇಳಲ್ಲ. ಅಂಕಿ ಓದಬಲ್ಲ ಗಿರಾಕಿ ಬಂದರೆ ಒಳ್ಳೆಯ ಮೆಕ್ಯಾನಿಕ್ಕಿಗೂ ಸಂತೋಷ. ನೀವು ಒಂದು ಮಾತು ಕೇಳಿದರೆ ಅವರು ನಾಲ್ಕು ಮಾತು ತಿಳಿಸುತ್ತಾರೆ.

ಗತ್ತು ಬೇಕು ಅನ್ನುವ ಹುಡುಗರಿಗೂ ಒಂದು ಮಾತು. ಗಾಡಿ ತೊಳೆದು ಹೊಳೆಯುವಂತೆ ಇಡಿ. ಚೈನಿಗೆ ಎಣ್ಣೆ ಹಾಕಿ. ಗಾಳಿ ಸರಿ ಇಡಿ. ತಲೆಗೆ ಹೆಲ್ಮೆಟ್ ಹಾಕಿ. ಸಂಜೆ ಸರಿಯಾದ ಹೊತ್ತಿಗೆ ಮನೆಗೆ ಬನ್ನಿ. ಅದಕ್ಕಿಂತ ದೊಡ್ಡ ಗತ್ತು ಬೇರೆ ಇಲ್ಲ.



ನೀವೇ ಮಾಡಿ ನೋಡಿ

1. ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಗಾಡಿಯ ಹಿಂದಿನ ಟೈರು ನೋಡಿ. ಅಂಕಿಗಳನ್ನು ಇಲ್ಲಿ ಬರೆಯಿರಿ: ..........

2. ಆ ಟೈರು ಯಾವ ವರ್ಷ, ಎಷ್ಟನೇ ವಾರದಲ್ಲಿ ತಯಾರಾಯಿತು? ..........

3. 110/80-17 ಎಂದು ಬರೆದ ಟೈರಿನ ಗೋಡೆಯ ಎತ್ತರ ಎಷ್ಟು ಮಿಲಿಮೀಟರ್? ಲೆಕ್ಕ ಹಾಕಿ: ..........

4. ಟೈರಿನ ಗೀರುಗಳು ದಿಣ್ಣೆಯ ಮಟ್ಟಕ್ಕೆ ಬಂದಿವೆಯೇ? ಮನೆಯವರಿಗೆ ತಿಳಿಸಿ.